'ಇಂತಿ ತಮ್ಮ ವಿಧೇಯ' ಎಂಬ ಸಾಲಿನ ಚರಿತ್ರೆ

ಹಳ್ಳಿ ಶಾಲೆಯ ಮಕ್ಕಳು ತಮ್ಮ ಕೈಯಾರೆ ಬರೆಯುವ ಮೊದಲನೇ ಕಾಗದ ಯಾವುದು? ರಜಾ ಚೀಟಿ. 'ಮೈಯಲ್ಲಿ ಹುಷಾರಿಲ್ಲದ ಕಾರಣ ಎರಡು ದಿನ ರಜೆ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ.' ಹುಷಾರಿಲ್ಲ ಅನ್ನೋದು ಸುಳ್ಳಿರಬಹುದು. ಕಳೆ ಕೀಳೋ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ನಮ್ಮ ಕೇರಿ ಮಕ್ಕಳಿಗೆ ಈ ಕಾಯಿಲೆ ಜಾಸ್ತಿ. ಮೇಷ್ಟ್ರಿಗೂ ಅದು ಗೊತ್ತು. ಆದರೆ ಕೊನೇ ಸಾಲು ಮಾತ್ರ ತಪ್ಪೋ ಹಾಗಿಲ್ಲ. ತಪ್ಪಿದರೆ ಚೀಟಿ ವಾಪಸ್ಸು. ಹತ್ತು ವರ್ಷದ ಹುಡುಗ ತಾನು ವಿಧೇಯ ಅಂತ ತಾನೇ ಬರೆದು, ಕೆಳಗೆ ತಾನೇ ಹೆಸರು ಹಾಕುವುದನ್ನು ಹೀಗೆ ಕಲಿಯುತ್ತಾನೆ. ಮುಂದೆ ಅದೇ ಹುಡುಗ ಬೆಳೆದು ರೇಷನ್ ಕಾರ್ಡಿಗೆ, ನಿವೇಶನಕ್ಕೆ, ಹೆಣ ಹೂಳಲು ಸ್ಮಶಾನದ ಜಾಗಕ್ಕೆ ಅರ್ಜಿ ಬರೆಯುವಾಗಲೂ ಕೈ ತಾನಾಗಿ ಆ ಪದಕ್ಕೇ ಹೋಗುತ್ತದೆ.

ಈ ಸಾಲು ಎಲ್ಲಿಂದ ಬಂತು, ಯಾರು ಯಾರಿಗೆ ಬರೆದರು, ಯಾರು ಬರೆಯೋದಿಲ್ಲ ಅಂದರು ಎಂಬುದನ್ನು ನೋಡಲು ನಾವಿಲ್ಲಿ ಹೊರಟಿದ್ದೇವೆ. ರಾಜರ ಯುದ್ಧಗಳನ್ನು ಬರೆದಿಟ್ಟ ಚರಿತ್ರೆಕಾರರು ಕಾಗದದ ಬುಡದಲ್ಲಿರುವ ಈ ಒಂದು ಸಾಲಿನ ಕಡೆ ತಿರುಗಿ ನೋಡಿದ್ದು ಕಡಿಮೆ. ಯಾವನು ಯಾರ ಕೆಳಗೆ ಎಂಬುದನ್ನು ಕೆಳಗಿನವನ ಕೈಯಿಂದಲೇ ಬರೆಸಿಕೊಳ್ಳುವ ಜಾಗ ಅದು. ನಮಗೆ ಅದಕ್ಕೇ ಅದು ಮುಖ್ಯ.

ಹೈಸ್ಕೂಲಿಗೆ ಬಂದರೆ ಇಂಗ್ಲಿಷ್ ಕಾಗದ. ಅಲ್ಲಿ ಕಟ್ಟಳೆ ಇನ್ನೂ ಬಿಗಿ. 'ಸರ್' ಅಂತ ಶುರು ಮಾಡಿದರೆ ಕೊನೆಗೆ 'ಯುವರ್ಸ್ ಫೇತ್‌ಫುಲಿ', ಹೆಸರು ಹಿಡಿದು ಶುರು ಮಾಡಿದರೆ 'ಯುವರ್ಸ್ ಸಿನ್ಸಿಯರ್ಲಿ'. ಮೊದಲ ಪದದ ಮೊದಲಕ್ಷರ ದೊಡ್ಡದು, ಎರಡನೇ ಪದದ್ದು ಚಿಕ್ಕದು, ಆಮೇಲೆ ಕಾಮಾ. ಎರಡೂ ದೊಡ್ಡದು ಮಾಡಿದರೆ ತಪ್ಪು, ಎರಡೂ ಚಿಕ್ಕದು ಮಾಡಿದರೆ ತಪ್ಪು. ಈ ದೊಡ್ಡದು ಚಿಕ್ಕದರ ಲೆಕ್ಕದಲ್ಲಿ ಅರ್ಧರ್ಧ ಮಾರ್ಕು ಕಳೆದುಕೊಂಡ ನಮ್ಮ ಹುಡುಗರು ಎಷ್ಟು ಮಂದಿಯೋ! ಕನ್ನಡ ಕಲಿತು ಬಂದ ಮಗುವಿಗೆ ಅಕ್ಷರದಲ್ಲಿ ದೊಡ್ಡದು ಚಿಕ್ಕದು ಇರುತ್ತದೆ ಅನ್ನೋದೇ ಆಶ್ಚರ್ಯ. ನಮ್ಮ ಲಿಪಿಯಲ್ಲಿ ರಾಜನ 'ರಾ'ಗೂ ರಾಚನ 'ರಾ'ಗೂ ಒಂದೇ ಅಳತೆ.

ಹಾಗಂತ ಹೆಮ್ಮೆಪಡುವುದೇನೂ ಇಲ್ಲ. ಅಕ್ಷರದಲ್ಲಿ ಇಲ್ಲದ ಮೇಲುಕೀಳನ್ನು ನಮ್ಮ ಪಂಡಿತರು ಬೇರೆ ದಾರಿಯಲ್ಲಿ ತಂದರು. ಕಾಗದ ಬರೆಯುವ ವಿಧಾನದ ಮೇಲೆ ವರರುಚಿಯ ಹೆಸರಿನಲ್ಲಿ 'ಪತ್ರಕೌಮುದಿ' ಎಂಬ ಸಂಸ್ಕೃತ ಪುಸ್ತಕವೇ ಇದೆ. ಯಾರಿಗೆ ಬರೆಯುವಾಗ ಎಷ್ಟು 'ಶ್ರೀ' ಹಾಕಬೇಕು ಅಂತ ಅದರ ಲೆಕ್ಕ. ಗುರುವಿಗೆ ಆರು, ಒಡೆಯನಿಗೆ ಐದು, ಶತ್ರುವಿಗೆ ನಾಲ್ಕು, ಗೆಳೆಯನಿಗೆ ಮೂರು, ಆಳಿಗೆ ಎರಡು, ಮಗನಿಗೂ ಹೆಂಡತಿಗೂ ಒಂದೊಂದು. ಗೆಳೆಯನಿಗಿಂತ ಶತ್ರುವಿಗೆ ಒಂದು ಶ್ರೀ ಹೆಚ್ಚು! ಭಯ ಇದ್ದ ಕಡೆ ಮರ್ಯಾದೆ ಜಾಸ್ತಿ ಅನ್ನೋದನ್ನ ಆ ಶಾಸ್ತ್ರಕಾರ ತನಗೇ ಗೊತ್ತಿಲ್ಲದ ಹಾಗೆ ಒಪ್ಪಿಕೊಂಡಿದ್ದಾನೆ. ಮನೆಯೊಳಗಿನ ಹೆಂಗಸಿನ ಬೆಲೆ ಆಳಿನದಕ್ಕಿಂತ ಅರ್ಧ. ಇನ್ನು ಹೊಲೆಯನಿಗೆ, ಮಾದಿಗನಿಗೆ ಎಷ್ಟು ಶ್ರೀ? ಪಟ್ಟಿಯಲ್ಲೇ ಇಲ್ಲ. ಅವರಿಗೆ ಕಾಗದ ಬರೆಯುವ ಪ್ರಸಂಗ ಬರಬಹುದು ಅನ್ನೋದೇ ಆ ತಲೆಗೆ ಹೊಳೆಯುವಂಥದ್ದಲ್ಲ. ಶತ್ರುವಿಗೆ ಜಾಗವಿರುವ ಪಟ್ಟಿಯಲ್ಲಿ ಕೇರಿಯವನಿಗೆ ಜಾಗವಿಲ್ಲ.

ಅಕ್ಷರದ ಬಾಗಿಲು ಮುಚ್ಚಿದ್ದರಿಂದ ನಮ್ಮವರ 'ಇಂತಿ' ಬಾಯಲ್ಲೇ ಉಳಿಯಿತು, ಬೆನ್ನಲ್ಲಿ ಉಳಿಯಿತು. 'ಅಡ್ಡಬಿದ್ದೆ ಬುದ್ಧೀ' ಅಂತ ದೂರ ನಿಂತು ಬಾಗುವುದೇ ನಮ್ಮ ತಾತಂದಿರ ಒಕ್ಕಣೆ. ಮರಾಠಿ ಸೀಮೆಯಲ್ಲಿ ಮಹಾರರು ಮೇಲ್ಜಾತಿಯವರ ಮುಂದೆ 'ಜೋಹಾರ್' ಅನ್ನಬೇಕಿತ್ತು. ಸಂತ ಚೋಖಾಮೇಳ ದೇವರ ಮುಂದೆ ಹಾಡುವಾಗಲೂ ಆ ಜೋಹಾರ್ ಬಿಡಲಾಗಲಿಲ್ಲ. ಜೋಹಾರ್ ಅಂದವನಿಗೆ ಯಾವ ಪಾಟೀಲನೂ ತಿರುಗಿ ಜೋಹಾರ್ ಅನ್ನುವುದಿಲ್ಲ. ಅದು ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವ ಮಾತು.

ಯಾವ ಜಾತಿಯವನು ಯಾವ ಮಾತಿನಲ್ಲಿ ವಂದಿಸಬೇಕು ಎಂಬುದು ಬರೀ ರೂಢಿಯಲ್ಲ, ಸರ್ಕಾರದ ಹುಕುಮ್ಮೇ ಆಗಿತ್ತು. ಅಂಬೇಡ್ಕರ್ ತಮ್ಮ ಬರಹದಲ್ಲಿ ಎತ್ತಿ ತೋರಿಸಿದ ಒಂದು ಪ್ರಸಂಗ ಇದೆ. ಪೇಶ್ವೆಗಳ ಕಾಲದಲ್ಲಿ ಸೊನ್ನಾರರು, ಅಂದರೆ ಅಕ್ಕಸಾಲಿಗರು, ಬ್ರಾಹ್ಮಣರ ಹಾಗೆ 'ನಮಸ್ಕಾರ' ಅನ್ನಲು ಶುರು ಮಾಡಿದರು. ಬ್ರಾಹ್ಮಣರಿಗೆ ತಡೆಯಲಿಲ್ಲ. ಪೇಶ್ವೆ ರಾಜ್ಯದೊಳಗೆ ತಡೆದದ್ದು ಸಾಲದೆ, ಮುಂಬಯಿಯ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಯಲ್ಲೂ 1779ರಲ್ಲಿ ಆಜ್ಞೆ ಹೊರಡಿಸಿದರು: ಅಕ್ಕಸಾಲಿಗರು ನಮಸ್ಕಾರ ಎಂಬ ಪದವನ್ನು ಬಳಸಕೂಡದು. ಕುಲದ ಮುಖಂಡನಿಗೆ ಕಾಗದ ಹೋಯಿತು, ಕುಲದವರಿಗೆಲ್ಲ ತಿಳಿಸು, ಕಟ್ಟುನಿಟ್ಟಾಗಿ ನಡೆಸು ಅಂತ. ಒಂದು ನಮಸ್ಕಾರಕ್ಕೆ ಎರಡು ಸರ್ಕಾರಗಳು ಎದ್ದು ನಿಂತವು. ಅಕ್ಕಸಾಲಿಗರಿಗೇ ಹೀಗಾದರೆ ಊರಾಚೆ ಇದ್ದವರ ಗತಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಆ ಕಾಲದ ಕಂಪನಿ ಸಾಹೇಬರು ತಮ್ಮ ತಮ್ಮೊಳಗೆ ಬರೆಯುತ್ತಿದ್ದ ಕಾಗದಗಳು ಹೇಗೆ ಮುಗಿಯುತ್ತಿದ್ದವು? 'ನಿಮ್ಮ ಅತ್ಯಂತ ವಿಧೇಯ ಮತ್ತು ವಿನೀತ ಸೇವಕ' ಅಂತ. ನಮ್ಮ ರಜಾ ಚೀಟಿಯ ವಿಧೇಯನ ಒಬ್ಬ ಅಜ್ಜ ಇವನೇ. ಬ್ರಿಟಿಷ್ ಕಚೇರಿಯ ಕಾಗದದಲ್ಲಿ ಇದು ಕಡ್ಡಾಯದ ಹಾಗೆ ಬೆಳೆಯಿತು. ಜಿಲ್ಲೆಗೆಲ್ಲ ದೊರೆಯಂತಿದ್ದ ಕಲೆಕ್ಟರ್ ಕೂಡ ತನ್ನ ಮೇಲಿನವರಿಗೆ ಬರೆಯುವಾಗ 'ತಮ್ಮ ವಿಧೇಯ ಸೇವಕನಾಗಿರುವ ಗೌರವ ನನ್ನದು' ಎಂದು ಸಹಿ ಹಾಕುತ್ತಿದ್ದ. ಅವನ ತಲೆ ಮೇಲೆ ಪಂಖಾ ಎಳೆಯುತ್ತಾ ಕೂತವನು ಮಾತ್ರ ಎಲ್ಲೂ ಸಹಿ ಹಾಕುತ್ತಿರಲಿಲ್ಲ. ನಿಜವಾದ ಸೇವಕ ಅವನು.

ದೊಡ್ಡವರಿಗೆ ಈ ಸಾಲು ಒಂದು ಆಟ. 1804ರ ಜೂನಿನಲ್ಲಿ ಅಮೆರಿಕದ ಇಬ್ಬರು ದೊಡ್ಡ ರಾಜಕಾರಣಿಗಳು, ಆಗ ಉಪರಾಷ್ಟ್ರಪತಿಯಾಗಿದ್ದ ಆರನ್ ಬರ್ ಮತ್ತು ಹಿಂದೆ ಹಣಕಾಸು ಮಂತ್ರಿಯಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜಗಳದ ಕಾಗದಗಳನ್ನು ಬರೆದುಕೊಂಡರು. ಬೈಗುಳಕ್ಕೆ ಸಮಜಾಯಿಷಿ ಕೊಡು, ಕೊಡಲ್ಲ ಅನ್ನುವ ಕಾಗದಗಳು. ಇಬ್ಬರ ಕಾಗದದ ಬುಡದಲ್ಲೂ 'ತಮ್ಮ ವಿಧೇಯ ಸೇವಕ' ಇದ್ದೇ ಇದೆ. ಜುಲೈ 11ಕ್ಕೆ ಒಬ್ಬ ವಿಧೇಯ ಸೇವಕ ಇನ್ನೊಬ್ಬ ವಿಧೇಯ ಸೇವಕನಿಗೆ ಗುಂಡು ಹೊಡೆದ. ಮಾರನೇ ದಿನ ಹ್ಯಾಮಿಲ್ಟನ್ ಸತ್ತ.

ನಾವು ಅಮೆರಿಕಕ್ಕೆ ಹೋದದ್ದು ಸುಮ್ಮನೆ ಅಲ್ಲ. 1873ರಲ್ಲಿ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಕಪ್ಪು ಜನರ ಗುಲಾಮಗಿರಿ ಅಳಿಸಲು ಹೋರಾಡಿದ ಅಮೆರಿಕದ ಜನಕ್ಕೆ. ಸೇವಕ ಎಂಬ ಪದವನ್ನು ಸಂತೆಯಲ್ಲಿ ಕೊಂಡು ತರುತ್ತಿದ್ದ ನೆಲ ಅದು. ಅಲ್ಲಿ ಈ ಒಂದು ಸಾಲು ಯಾರ ಕೈಯಲ್ಲಿ ಏನಾಯಿತು ಎಂಬುದನ್ನು ತೋರಿಸುವ ಕೆಲವು ಕಾಗದಗಳು ಇಂದಿಗೂ ಉಳಿದಿವೆ.

ಬೆಂಜಮಿನ್ ಬ್ಯಾನೆಕರ್ ಎಂಬ ಕಪ್ಪು ಮನುಷ್ಯ 1731ರಲ್ಲಿ ಮೇರಿಲ್ಯಾಂಡಿನಲ್ಲಿ ಹುಟ್ಟಿದ. ಗುಲಾಮನಲ್ಲ, ಸ್ವತಂತ್ರ; ಹೊಗೆಸೊಪ್ಪು ಬೆಳೆಯುವ ರೈತ. ಹೆಚ್ಚೂಕಮ್ಮಿ ತಾನೇ ಓದಿಕೊಂಡು ಗಣಿತ, ಖಗೋಳ ಕಲಿತ. ಗ್ರಹಣಗಳನ್ನು ಲೆಕ್ಕ ಹಾಕಿ 1792ರ ಪಂಚಾಂಗ ಕಟ್ಟಿದ. ಅಚ್ಚಾಗುವ ಮೊದಲು ಅದರ ಹಸ್ತಪ್ರತಿಯ ಜೊತೆ 1791ರ ಆಗಸ್ಟ್ 19ರಂದು ಥಾಮಸ್ ಜೆಫರ್ಸನ್‌ಗೆ ಕಾಗದ ಬರೆದ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಅಂತ 1776ರ ಘೋಷಣೆಯಲ್ಲಿ ಬರೆದವನು ಈ ಜೆಫರ್ಸನ್. ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡವನೂ ಇವನೇ. ಬ್ಯಾನೆಕರ್ ನೇರವಾಗಿ ಕೇಳಿದ: ಬ್ರಿಟಿಷರ ಕೈಯಲ್ಲಿ ನೀವು ಗುಲಾಮರಾಗಿದ್ದಾಗ ಅಷ್ಟು ಚೆಂದದ ಮಾತು ಬರೆದಿರಿ, ಈಗ ನನ್ನ ಅಣ್ಣತಮ್ಮಂದಿರನ್ನು ಮೋಸದಿಂದ, ಹಿಂಸೆಯಿಂದ ಹಿಡಿದಿಟ್ಟುಕೊಂಡಿದ್ದೀರಲ್ಲ, ಏನು ಹೇಳುತ್ತೀರಿ? ಕಾಗದದ ಹೊಟ್ಟೆಯಲ್ಲಿ ಇಷ್ಟು ಬೆಂಕಿ. ಬುಡದಲ್ಲಿ ಮಾತ್ರ 'ತಮ್ಮ ಅತ್ಯಂತ ವಿಧೇಯ ವಿನೀತ ಸೇವಕ, ಬೆಂಜಮಿನ್ ಬ್ಯಾನೆಕರ್'.

ಆಗಸ್ಟ್ 30ಕ್ಕೆ ಜೆಫರ್ಸನ್ ಉತ್ತರ ಬರೆದ. ಚಿಕ್ಕ ಕಾಗದ. ಪಂಚಾಂಗವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಕಳಿಸಿದ್ದೇನೆ ಅಂದ, ಗುಲಾಮಗಿರಿಯ ಪ್ರಶ್ನೆಗೆ ನುಣುಚಿಕೊಂಡ. ಕೊನೆಗೆ? 'ತಮ್ಮ ಅತ್ಯಂತ ವಿಧೇಯ ವಿನೀತ ಸೇವಕ, ಥಾ. ಜೆಫರ್ಸನ್'. ನೂರಾರು ಗುಲಾಮರ ಒಡೆಯ ಒಬ್ಬ ಕಪ್ಪು ರೈತನಿಗೆ ತಾನು ವಿನೀತ ಸೇವಕ ಅಂತ ಸಹಿ ಮಾಡಿದ್ದಾನೆ! ಓದಿದರೆ ರೋಮಾಂಚನವಾಗುವುದು ನಿಜ. ಆದರೆ ಬ್ಯಾನೆಕರ್ 1806ರಲ್ಲಿ ಸತ್ತ ಮೇಲೆ, 1809ರಲ್ಲಿ, ಇದೇ ಜೆಫರ್ಸನ್ ತನ್ನ ಗೆಳೆಯ ಬಾರ್ಲೋಗೆ ಬರೆದ ಕಾಗದದಲ್ಲಿ ಬ್ಯಾನೆಕರ್‌ನ ಬುದ್ಧಿ ತೀರಾ ಸಾಮಾನ್ಯದ್ದು, ಅವನ ಕಾಗದವೇ ಅದಕ್ಕೆ ಸಾಕ್ಷಿ ಅಂತ ಬರೆದ. ಎದುರಿಗೆ 'ವಿನೀತ ಸೇವಕ', ಬೆನ್ನ ಹಿಂದೆ 'ಸಾಮಾನ್ಯ ಬುದ್ಧಿಯವನು'. ನಮ್ಮಲ್ಲಿ ಸಭೆಯ ವೇದಿಕೆ ಮೇಲೆ 'ದಲಿತ ಬಂಧುಗಳೇ' ಅನ್ನುವವರ ಮಾತು ಮನೆ ಒಳಗೆ ಹೇಗಿರುತ್ತದೆ ಅನ್ನೋದು ಬಲ್ಲವರಿಗೆ ಇದೇನೂ ಹೊಸದಲ್ಲ.

ಇನ್ನೊಂದು ಕಾಗದ 1865ರ ಆಗಸ್ಟ್ 7ರದ್ದು. ಜೋರ್ಡನ್ ಆಂಡರ್ಸನ್ ಟೆನೆಸಿಯಲ್ಲಿ ಗುಲಾಮನಾಗಿದ್ದವನು. ಬಿಡುಗಡೆಯಾಗಿ ಹೆಂಡತಿ ಮಕ್ಕಳೊಂದಿಗೆ ಓಹಾಯೋದ ಡೇಟನ್ ಊರಿಗೆ ಬಂದು ಕೂಲಿ ಮಾಡಿಕೊಂಡಿದ್ದ. ಹಳೇ ಒಡೆಯ ಕರ್ನಲ್ ಆಂಡರ್ಸನ್ ವಾಪಸ್ಸು ಬಾ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ ಹೇಳಿಕಳಿಸಿದ. (ಒಡೆಯನ ಮನೆತನದ ಹೆಸರೇ ಗುಲಾಮನಿಗೂ, ನಮ್ಮಲ್ಲೂ 'ಇಂಥ ಗೌಡರ ಆಳು' ಅಂತಲೇ ತಾನೆ ಗುರುತು.) ಜೋರ್ಡನ್ ಉತ್ತರವನ್ನು ಹೇಳಿ ಬರೆಸಿದ. ಪತ್ರಿಕೆಗಳಲ್ಲಿ ಅಚ್ಚಾಗಿ ಅದು ಊರೂರು ತಿರುಗಿತು. ಇಲ್ಲಿ ನನ್ನ ಹೆಂಡತಿಯನ್ನು ಜನ 'ಮಿಸೆಸ್ ಆಂಡರ್ಸನ್' ಅಂತ ಕರೆಯುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ ಎಂದು ಮೊದಲು ಹೇಳುತ್ತಾನೆ. ಆಮೇಲೆ ಲೆಕ್ಕಕ್ಕೆ ಬರುತ್ತಾನೆ. ನಿಮ್ಮ ಮಾತು ನಂಬಬೇಕಾದರೆ ಹಳೇ ಸಂಬಳ ಕೊಡಿ. ನಾನು ದುಡಿದದ್ದು 32 ವರ್ಷ, ತಿಂಗಳಿಗೆ 25 ಡಾಲರ್. ನನ್ನ ಹೆಂಡತಿ ಮ್ಯಾಂಡಿ ದುಡಿದದ್ದು 20 ವರ್ಷ, ವಾರಕ್ಕೆ 2 ಡಾಲರ್. ಒಟ್ಟು 11,680 ಡಾಲರ್. ಇದಕ್ಕೆ ಬಡ್ಡಿ ಸೇರಿಸಿ. ನಮಗೆ ಕೊಟ್ಟ ಬಟ್ಟೆಯ ಖರ್ಚು, ನನಗೆ ಮೂರು ಸಲ ಡಾಕ್ಟರು ಬಂದದ್ದು, ಮ್ಯಾಂಡಿಯ ಹಲ್ಲು ಕೀಳಿಸಿದ್ದು ಕಳೆಯಿರಿ.

ನಮ್ಮ ಮೇಷ್ಟ್ರುಗಳು ಈ ಲೆಕ್ಕವನ್ನು ತರಗತಿಯಲ್ಲಿ ಮಕ್ಕಳ ಕೈಯಲ್ಲಿ ಮಾಡಿಸಬಹುದು. 25ನ್ನು 12ರಿಂದ, ಆಮೇಲೆ 32ರಿಂದ ಗುಣಿಸಿದರೆ 9,600. ವಾರಕ್ಕೆ 2ರಂತೆ ವರ್ಷಕ್ಕೆ 104, ಇಪ್ಪತ್ತು ವರ್ಷಕ್ಕೆ 2,080. ಕೂಡಿಸಿದರೆ ಸರಿಯಾಗಿ 11,680. ತಪ್ಪಿಲ್ಲ. ಜೀತದಾಳಿನ ಲೆಕ್ಕವನ್ನು ಯಾವತ್ತೂ ಒಡೆಯನೇ ಬರೆಯುತ್ತಾನೆ. ಇಲ್ಲಿ ಆಳು ಬರೆಸಿದ್ದಾನೆ. ಕೊನೆಗೆ, ನೀವು ನನ್ನ ಮೇಲೆ ಗುಂಡು ಹಾರಿಸುತ್ತಿದ್ದಾಗ ನಿಮ್ಮ ಕೈಯಿಂದ ಪಿಸ್ತೂಲು ಕಸಿದುಕೊಂಡನಲ್ಲ, ಆ ಮನುಷ್ಯನಿಗೆ ನನ್ನ ವಂದನೆ ತಿಳಿಸಿ ಎಂದು ಹೇಳಿ ಸಹಿ ಮಾಡುತ್ತಾನೆ: 'ತಮ್ಮ ಹಳೇ ಸೇವಕ, ಜೋರ್ಡನ್ ಆಂಡರ್ಸನ್'. ಜೆಫರ್ಸನ್ ಬರೆದ 'ಸೇವಕ' ಸುಳ್ಳು. ಇವನದು ನಿಜ, ಆದರೆ ಅದರ ಮುಂದೆ 'ಹಳೇ' ಅಂತ ಒಂದು ಪದ ಇಟ್ಟಿದ್ದಾನೆ. ಇಷ್ಟೆಲ್ಲ ಓದಿಕೊಂಡು ಬಂದ ಕರ್ನಲ್‌ಗೆ ಆ ಪದ ಎಲ್ಲಿ ನಾಟಿರಬಹುದು ಯೋಚಿಸಿ.

ಈ ಸಾಲನ್ನು ಬರೆಯುವುದೇ ಇಲ್ಲ ಅಂದವರೂ ಇದ್ದರು. 1650ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್‌ನ ಹಿಂದೆ ಹೊರಟ ಕ್ವೇಕರ್ ಪಂಥದವರು ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ನಾನು ನಿನ್ನ ಸೇವಕನಲ್ಲ, ಅಂದಮೇಲೆ ಹಾಗೆ ಬರೆಯುವುದು ಸುಳ್ಳು ಅಂದರು. 'ನಿನ್ನ ಗೆಳೆಯ' ಎಂದು ಕಾಗದ ಮುಗಿಸಿದರು. ಆಗ ಇಂಗ್ಲಿಷಿನಲ್ಲೂ ನೀನು, ನೀವು ಬೇರೆಬೇರೆ ಇದ್ದವು. ಅವರು ನ್ಯಾಯಾಧೀಶನನ್ನೂ 'ನೀನು' ಅಂದರು. ಏಟು ತಿಂದರು, ಜೈಲಿಗೆ ಹೋದರು. ನರೆತ ತಲೆಯ ನಮ್ಮ ತಾತನನ್ನು ಊರಿನ ಮೀಸೆ ಚಿಗುರದ ಹುಡುಗ 'ಏನ್ಲಾ' ಅನ್ನುವ ನಾಡಿನಲ್ಲಿ ಕೂತು ಇದನ್ನು ಓದುವಾಗ ನಮಗೆ ಒಂದು ಅನುಮಾನ ಬರುತ್ತದೆ. ಎಲ್ಲರಿಗೂ ಏಕವಚನ ಎಂಬುದು ಅವರ ದಾರಿ. ನಮಗೆ ಬೇಕಾದದ್ದು ಎಲ್ಲರಿಗೂ ಬಹುವಚನ. ಎರಡು ದಾರಿಯೂ ಒಂದೇ ಕಡೆ ಹೋಗುತ್ತವೋ ಏನೋ, ಆದರೆ ಏಕವಚನದ ರುಚಿ ನಾವು ಸಾಕಷ್ಟು ಉಂಡಿದ್ದೇವೆ.

ಫ್ರಾನ್ಸಿನಲ್ಲಿ ಕ್ರಾಂತಿಯಾದಾಗ ಸರ್ಕಾರಿ ಕಾಗದಗಳಿಂದಲೇ ವಿಧೇಯ ಸೇವಕ ಎದ್ದುಹೋದ. ಅವನ ಜಾಗಕ್ಕೆ 'ವಂದನೆ ಮತ್ತು ಸೋದರತೆ' ಬಂತು. 1793, 94ರ ಕಾಗದಗಳಲ್ಲಿ ಸೇನಾಪತಿಯೂ ಗುಮಾಸ್ತನೂ ಹೀಗೇ ಮುಗಿಸುತ್ತಿದ್ದರು. ನೆಪೋಲಿಯನ್ ಚಕ್ರವರ್ತಿಯಾದ, ವಿಧೇಯ ಸೇವಕರು ಒಬ್ಬೊಬ್ಬರಾಗಿ ವಾಪಸ್ಸು ಬಂದರು. ಸೋದರತೆಯ ಮಾತು ಬಂದದ್ದರಿಂದ ಒಂದನ್ನು ಹೇಳಬೇಕು: ಸ್ವಾತಂತ್ರ್ಯ, ಸಮಾನತೆ, ಸೋದರತೆಗಳನ್ನು ತಾವು ಫ್ರೆಂಚ್ ಕ್ರಾಂತಿಯಿಂದ ತಂದದ್ದಲ್ಲ, ತಮ್ಮ ಗುರು ಬುದ್ಧನಿಂದ ಪಡೆದದ್ದು ಎಂದು ಅಂಬೇಡ್ಕರ್ 1954ರ ತಮ್ಮ ಆಕಾಶವಾಣಿ ಭಾಷಣದಲ್ಲಿ ಸ್ಪಷ್ಟಪಡಿಸಿದ್ದಾರೆ.

ಇನ್ನು ದೊಡ್ಡಕ್ಷರದ ಮಾತು. ಅದು ಬರೀ ಅರ್ಧ ಮಾರ್ಕಿನ ತಕರಾರಲ್ಲ. ಇಂಗ್ಲಿಷಿನಲ್ಲಿ ದೇಶಗಳ, ಜನಾಂಗಗಳ ಹೆಸರಿಗೆಲ್ಲ ಮೊದಲಕ್ಷರ ದೊಡ್ಡದು ಹಾಕುತ್ತಿದ್ದ ಬಿಳಿಯರು 'ನೀಗ್ರೋ' ಎಂಬ ಪದವನ್ನು ಮಾತ್ರ ಚಿಕ್ಕಕ್ಷರದಲ್ಲಿ ಬರೆಯುತ್ತಿದ್ದರು, ದನಕ್ಕೆ, ಮರಕ್ಕೆ ಬರೆದ ಹಾಗೆ. ಕಪ್ಪು ಚಿಂತಕ ಡು ಬಾಯ್ಸ್ 1899ರಲ್ಲಿ ಫಿಲಡೆಲ್ಫಿಯಾದ ಕಪ್ಪು ಜನರ ಬಗ್ಗೆ ಬರೆದ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ, ಎಂಬತ್ತು ಲಕ್ಷ ಅಮೆರಿಕನ್ನರಿಗೆ ಒಂದು ದೊಡ್ಡಕ್ಷರದ ಹಕ್ಕಾದರೂ ಇದೆ ಎಂಬರ್ಥದ ಮಾತು ಹೇಳಿದರು. ಪತ್ರಿಕೆಗಳಿಗೆ ಕಾಗದದ ಮೇಲೆ ಕಾಗದ ಹೋದವು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಒಪ್ಪಿಕೊಂಡದ್ದು 1930ರ ಮಾರ್ಚ್ 7ರಂದು. ಒಂದು ಅಕ್ಷರ ಬೆಳೆಯಲು 31 ವರ್ಷ! 'ಬ್ಲ್ಯಾಕ್' ಎಂಬ ಪದಕ್ಕೆ ದೊಡ್ಡಕ್ಷರ ಹಾಕುತ್ತೇವೆ ಅಂತ ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಹೇಳಿದ್ದು 2020ರಲ್ಲಿ.

ಇದೇ ಡು ಬಾಯ್ಸ್‌ಗೆ 1946ರಲ್ಲಿ ಅಂಬೇಡ್ಕರ್ ಒಂದು ಕಾಗದ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಸಿಗಬಹುದೇ, ಅಸ್ಪೃಶ್ಯರೂ ಹಾಗೆಯೇ ಮಾಡಬೇಕೆಂದಿದ್ದೇವೆ ಅಂತ. ಡು ಬಾಯ್ಸ್ ಉತ್ತರಿಸಿದರು. ಇಬ್ಬರ ಕಾಗದದ ಕೊನೆಯಲ್ಲೂ ಸೇವಕ ಎಂಬ ಪದವಿಲ್ಲ.

ಅದಕ್ಕೂ ಹಿಂದಿನ ತಲೆಮಾರು ಹಾಗೆ ಬರೆಯಲು ಆಗುತ್ತಿರಲಿಲ್ಲ. ಬ್ರಿಟಿಷ್ ಕಾಲದ ಮನವಿಗಳಿಗೆ ಒಂದು ಅಚ್ಚು ಇತ್ತು. ಅರ್ಜಿದಾರರು ಕರ್ತವ್ಯಬದ್ಧರಾಗಿ ತಮಗಾಗಿ ಸದಾ ಪ್ರಾರ್ಥಿಸುತ್ತಿರುತ್ತಾರೆ ಅಂತ ಮುಗಿಸುವ ಅಚ್ಚು. ಸೈನ್ಯದಲ್ಲಿ, ಪೊಲೀಸಿನಲ್ಲಿ ನಮ್ಮವರನ್ನು ಸೇರಿಸಿಕೊಳ್ಳಿ ಎಂದು ಶಿವರಾಮ ಜಾನಬಾ ಕಾಂಬಳೆ ಮತ್ತು ಅವರ ಮಹಾರ ಸಂಗಾತಿಗಳು 1910ರಲ್ಲಿ ಲಂಡನ್ನಿನ ಭಾರತ ಮಂತ್ರಿಯವರೆಗೂ ಮನವಿ ಕಳಿಸಿದ್ದು ಇಂಥ ಮನವಿಗಳ ಕಾಲದಲ್ಲೇ. ಬೇಡುವ ಭಾಷೆಯ ಚೀಲದಲ್ಲಿ ಹಕ್ಕಿನ ಪ್ರಶ್ನೆ ತುಂಬಿ ಕಳಿಸಿದವರು ಅವರು. ಅವರನ್ನು ನಾವು ಹಗುರವಾಗಿ ಕಾಣಬಾರದು.

ಜೋಹಾರ್‌ಗೆ ಉತ್ತರ ನಮ್ಮೊಳಗಿನಿಂದಲೇ ಹುಟ್ಟಿತು. ನಾಗಪುರದ ಹತ್ತಿರದ ಕಾಮಠಿಯ ಬಾಬು ಹರದಾಸ್ ಎಂಬ ಕಾರ್ಯಕರ್ತ 1930ರ ದಶಕದಲ್ಲಿ 'ಜೈ ಭೀಮ್' ಎಂಬ ವಂದನೆಯನ್ನು ಬಳಕೆಗೆ ತಂದರೆಂದು ಚಳವಳಿ ನೆನೆಯುತ್ತದೆ. 1937ರಲ್ಲಿ ಶಾಸನಸಭೆಗೆ ಆರಿಸಿ ಬಂದು, 1939ರಲ್ಲಿ 35ರ ಹರೆಯದಲ್ಲೇ ತೀರಿಕೊಂಡವರು. ಜೋಹಾರ್ ಅಂದರೆ ತಿರುಗಿ ಜೋಹಾರ್ ಬರುವುದಿಲ್ಲ. ಜೈ ಭೀಮ್ ಅಂದರೆ ಜೈ ಭೀಮ್ ಬರುತ್ತದೆ, ಕೂಲಿಯವನು ಅಂದರೂ ಸರಿ, ಆಫೀಸರು ಅಂದರೂ ಸರಿ. 1970ರ ದಶಕದಿಂದೀಚೆಗೆ ಕರ್ನಾಟಕದ ದಲಿತ ಸಂಘಟನೆಯ ಕಾಗದಗಳು, ಕರಪತ್ರಗಳು ಈ ಎರಡು ಪದಗಳಿಂದಲೇ ಮುಗಿದವು. ಕೇರಿಗೆ ಬರುತ್ತಿದ್ದ ಪೋಸ್ಟ್ ಕಾರ್ಡಿನ ಬುಡದಲ್ಲಿ ಅದನ್ನು ಓದಿ ಊರಿನ ಅಂಚೆಯವನು ಮುಖ ಗಂಟಿಕ್ಕಿಕೊಳ್ಳುತ್ತಿದ್ದನಂತೆ. ನಮ್ಮ ಹಿರಿಯರು ಇದನ್ನು ನಕ್ಕು ಹೇಳುತ್ತಾರೆ.

ಸರ್ಕಾರ ಕೂಡ ಕಾಲಕ್ಕೆ ತಕ್ಕಂತೆ ಬದಲಾಯಿತು. ಕರ್ನಾಟಕ ಸರ್ಕಾರದ ಕಾಗದಗಳು ಈಗ 'ತಮ್ಮ ನಂಬುಗೆಯ' ಎಂದು ಮುಗಿಯುತ್ತವೆ. ಅಧಿಕಾರಿ ಅಧಿಕಾರಿಗೆ ನಂಬುಗೆಯವನು, ಸೇವಕನಲ್ಲ. 1976ರ ಕಾಯ್ದೆಯಿಂದ ಜೀತವೂ ಕಾನೂನಿನ ಪುಸ್ತಕದಲ್ಲಿ ಹೋಯಿತು. ಜೀತದ ಪತ್ರಗಳಲ್ಲಿ ನಮ್ಮವರ ಪಾಲಿನ 'ಇಂತಿ' ಒಂದು ಹೆಬ್ಬೆಟ್ಟು, ಅದರ ಪಕ್ಕ ಬಿಕಲಂ ಅಂತ ಬರೆದವನ ಹೆಸರು. ಏನು ಬರೆದಿದೆ ಅಂತ ಹೆಬ್ಬೆಟ್ಟಿಗೆ ಗೊತ್ತಿರುತ್ತಿರಲಿಲ್ಲ. ಆದರೆ ತಾಲ್ಲೂಕು ಕಚೇರಿ ಮುಂದಿನ ಮರದ ಕೆಳಗೆ ಅರ್ಜಿ ಬರೆದುಕೊಡುವವರ ಹತ್ತಿರ ಹೋಗಿ ನೋಡಿ. 'ಬಡವನಾದ ನಾನು ತಮ್ಮ ಪಾದಗಳಿಗೆ ಬಿದ್ದು' ಅಂತ ಇನ್ನೂ ಬರೆಯುತ್ತಾರೆ. ಕೇಳಿದರೆ, 'ಹಂಗೆ ಬರದ್ರೇನೆ ಸಾಯೇಬ್ರು ಓದೋದು ಸ್ವಾಮಿ' ಅನ್ನುತ್ತಾರೆ. ಕೆಳಗಿನವರು ಅಧಿಕಾರಿಯ ಪಾದಕ್ಕೆ, ಅಧಿಕಾರಿಗಳು ತಮ್ಮತಮ್ಮೊಳಗೆ ನಂಬುಗೆಗೆ: ಒಂದೇ ಕಡತದಲ್ಲಿ ಎರಡು ಕಾಲ.

2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಅದರ 6ನೇ ಕಲಮಿನ ಪ್ರಕಾರ ಮಾಹಿತಿ ಕೇಳುವವನು ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ, ಉತ್ತರ ಕಳಿಸಲು ಬೇಕಾದ ವಿಳಾಸ ಬಿಟ್ಟು ಬೇರೆ ವಿವರ ಕೊಡಬೇಕಿಲ್ಲ. ಹತ್ತು ರೂಪಾಯಿ ಶುಲ್ಕ. ಅರ್ಜಿಯ ಬುಡದಲ್ಲಿ ಸ್ಥಳ, ದಿನಾಂಕ, ಅರ್ಜಿದಾರರ ಸಹಿ, ಅಷ್ಟೇ. ಬೇಡಿಕೊಳ್ಳುತ್ತೇನೆ ಎಂಬುದಕ್ಕೂ ವಿಧೇಯ ಎಂಬುದಕ್ಕೂ ಅಲ್ಲಿ ಜಾಗ ಬಿಟ್ಟಿಲ್ಲ. ಆದರೂ ನಮ್ಮ ಹುಡುಗರು ತುಂಬಿಸಿ ತಂದ ಅರ್ಜಿಗಳಲ್ಲಿ ಸಹಿಯ ಮೇಲಿನ ಸಣ್ಣ ಸಂದಿಯಲ್ಲಿ 'ಇಂತಿ ತಮ್ಮ ವಿಧೇಯ' ಅಂತ ಇಕ್ಕಟ್ಟಾಗಿ ಬರೆದಿರುವುದನ್ನು ಎಷ್ಟೋ ಸಲ ಕಂಡಿದ್ದೇವೆ. ಹೊಡೆದುಹಾಕಿ ಅಂದರೆ, 'ಇರ್ಲಿ ಬಿಡಿ ಸಾರ್, ಅಭ್ಯಾಸ' ಅನ್ನುತ್ತಾರೆ.